ಲಾಂಡ್ರಿಯ ಬಾವಿಗೆ ಗಾಳಿ ಹಾಕಿದ್ದು

ಗುರುವಾರ ಸಂಜೆ, ತಾರೀಕು ಹದಿನಾಲ್ಕು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನೂ ಅಮ್ಮನೂ ಕ್ಷೇಮ. ನೀನು ಕ್ಷೇಮವಾಗಿರುವುದು ಮಾತ್ರವಲ್ಲ, ಕೋಟನ್ನೂ ಹೊಲಿಸಿಕೊಂಡಿದ್ದೀಯ ಎಂದು ಇವತ್ತು ತಿಳಿಯಿತು. ಹೇಗೆ ತಿಳಿಯಿತೆಂದು ಮುಂದೆ ಬರೆಯುತ್ತೇನೆ. ಎರಡು ವರ್ಷ ಒಂದು ಅಕ್ಷರ ಬರೆಯದೆ ಇದ್ದದ್ದಕ್ಕೆ ಕ್ಷಮೆ ಕೇಳಬೇಕು. ಕೇಳಿದೆ ಅಂದುಕೋ. ನೀನೂ ಅಷ್ಟೇ ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಆದ್ದರಿಂದ ಅದೂ ಇದೂ ಸಮವಾಯಿತು. ಫೋನನ್ನೇ ಮಾಡಬಹುದಿತ್ತು. ಆದರೆ ನೀನು "ಗಿರಾಕಿ ಇದ್ದಾರೆ, ಆಮೇಲೆ ಮಾಡ್ತೀನಿ" ಅನ್ನುತ್ತೀಯ, ನನಗೆ ಮೂಗಿನ ತುದಿಯಲ್ಲೇ ಕೋಪ, ಅಲ್ಲಿಗೆ ಇನ್ನೆರಡು ವರ್ಷ. ಕಾಗದವೇ ವಾಸಿ. ನೀನು ಹರಿದು ಹಾಕುವುದಾದರೂ ಪೂರ್ತಿ ಓದಿಯೇ ಹರಿಯುತ್ತೀಯ, ಅಷ್ಟು ಕುತೂಹಲ ನಿನಗಿದೆ.

ವಿಷಯ ಏನೆಂದರೆ ನೀನು ಬರಬೇಕು. ಒಂದು ದಿನ ಅಂಗಡಿ ಮುಚ್ಚಿ ನನ್ನ ಜೊತೆ ಕೆಲಸಕ್ಕೆ ಬರಬೇಕು. ನೀನು ಬಂದರೆ ನಾವಿನ್ನೂ ಅಕ್ಕ ತಮ್ಮ, ಬರದಿದ್ದರೆ ಒಂದೇ ಊರಿನ ಇಬ್ಬರು ವ್ಯಾಪಾರಸ್ಥರು ಎನ್ನುತ್ತಾಳೆ ಅಮ್ಮ. ನಾನು ಹಾಗೆ ಬೆದರಿಸುವವಳಲ್ಲ. ಆದರೆ ಅವಳ ಮಾತನ್ನು ತೆಗೆದುಹಾಕಲೂ ನನ್ನಿಂದಾಗಲಿಲ್ಲ.

ಊರಾಚೆ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಇದೆಯಲ್ಲ, ಮೊನ್ನೆ ಅಲ್ಲಿಂದ ಕರೆ ಬಂತು. ಅವರ ಕೊಳವೆಬಾವಿಯಲ್ಲಿ ಮೋಟಾರು ಸಿಕ್ಕಿಹಾಕಿಕೊಂಡಿದೆ, ಬಂದು ಗಾಳಿ ಹಾಕಿ ಬಿಡಿಸಬೇಕು ಎಂದು. ಇವತ್ತು ಬೆಳಿಗ್ಗೆ ಪೈಪಣ್ಣನನ್ನೂ ದೊಡ್ಡಮ್ಮನನ್ನೂ ಹೊರಡಿಸಿಕೊಂಡು ಹೋದೆ. ಪೈಪಣ್ಣ ಮೊದಲಿನ ಹಾಗೇ ಇದ್ದಾನೆ. ಪೈಪು ಜೋಡಿಸುವುದಕ್ಕಿಂತ ಮಾತು ಜೋಡಿಸುವುದೇ ಜಾಸ್ತಿ. ದೊಡ್ಡಮ್ಮ ಎಂದರೆ ಅಪ್ಪನ ಕಂಪ್ರೆಸರ್ ಎಂದು ನಿನ್ನ ಹೆಂಡತಿಗೆ ನೆನಪು ಮಾಡು, ಇಲ್ಲದಿದ್ದರೆ ಯಾರೋ ನೆಂಟರೆಂದುಕೊಂಡಾಳು. ಆ ಹೆಸರಿಟ್ಟವನು ನೀನೇ. ಬಂದರೆ ಬೀದಿಗೆಲ್ಲ ಗೊತ್ತಾಗಬೇಕು, ಕೂತರೆ ಏಳಿಸಲು ನಾಲ್ಕು ಜನ ಬೇಕು, ಹಾಗಾಗಿ ಇದು ದೊಡ್ಡಮ್ಮನೇ ಸರಿ ಎಂದಿದ್ದೆ. ಅವಳು ಈಗಲೂ ಬೆಳಿಗ್ಗೆ ಕೆಮ್ಮಿ ಕೆಮ್ಮಿಯೇ ಏಳುತ್ತಾಳೆ.

ಲಾಂಡ್ರಿಯ ಅಂಗಳ ನೋಡಿದರೆ ಕಣ್ಣು ಕೋರೈಸುತ್ತದೆ. ಈ ಗೋಡೆಯಿಂದ ಆ ಗೋಡೆಗೆ ಹಗ್ಗ, ಹಗ್ಗದ ತುಂಬ ಬಿಳಿ ಬೆಡ್‌ಶೀಟು. ಬಾವಿ ಕೆಟ್ಟ ಮೇಲೆ ಟ್ಯಾಂಕರ್ ನೀರು ತರಿಸಿ ಒಗೆಯುತ್ತಿದ್ದಾರೆ. ಒಳಗೆ ಹಬೆ, ಸಾಬೂನಿನ ವಾಸನೆ, ತಿರುಗುವ ದೊಡ್ಡ ದೊಡ್ಡ ಡ್ರಮ್ಮು, ಸೊಂಟಕ್ಕೆ ರಬ್ಬರ್ ಹಾಳೆ ಕಟ್ಟಿಕೊಂಡ ಹೆಂಗಸರು. ಒಡತಿ ಗಟ್ಟಿಗಿತ್ತಿ. ನಮ್ಮನ್ನು ನೋಡಿದವಳೇ "ನೀರು ಬಂದ್ರೆ ಟೀ ಕೊಡ್ತೀನಿ" ಎಂದಳು. ಮೊದಲೇ ಕೊಟ್ಟರೆ ನೀರು ಬೇಗ ಬರುತ್ತದೆ ಎಂದು ಪೈಪಣ್ಣ ಹಲ್ಲು ಬಿಟ್ಟ. ಕೊಡಲಿಲ್ಲ.

ಬಾವಿಯ ಪಕ್ಕ ಒಂದು ತಗಡಿನ ಕೋಣೆ, ಅದರೊಳಗೆ ಸ್ಟಾರ್ಟರ್ ಡಬ್ಬಿ. ಕರೆಂಟು ತೆಗೆಯಲು ಹೋದವಳು ನೋಡುತ್ತೇನೆ, ಡಬ್ಬಿಯ ಮೇಲೆ ನಿನ್ನ ಮೋಟಾರು ಅಂಗಡಿಯ ಸ್ಟಿಕ್ಕರ್. ಸ್ಟಿಕ್ಕರ್‌ನಲ್ಲಿ ನಿನ್ನ ಫೋಟೋ, ಆ ಕೋಟು, ಹಲ್ಲುಗಳೆಲ್ಲ ಕಾಣುವ ನಗು. ಬರೀ ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನೀರಿಲ್ಲದೆ ರೋಸಿಹೋದ ಆ ಹೆಂಗಸರು ನಿನಗೆ ಬಟ್ಟೆಗೆ ಗುರುತು ಹಾಕುವ ಶಾಯಿಯಿಂದ ಮೀಸೆ ಬರೆದಿದ್ದಾರೆ, ಎರಡು ಕೊಂಬನ್ನೂ ಇಟ್ಟಿದ್ದಾರೆ. ಕೊಂಬು ಚೆನ್ನಾಗಿ ಒಪ್ಪುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಮನೆಯ ಹುಡುಗ ನೋಡು, ಮನಸ್ಸು ತಡೆಯಲಿಲ್ಲ. ಬಟ್ಟೆಯ ತುದಿಗೆ ಸೀಮೆಎಣ್ಣೆ ಮುಟ್ಟಿಸಿ ಮೀಸೆ ಒರೆಸಲು ಹೋದೆ. ಮೀಸೆಯ ಜೊತೆಗೆ ಬಾಯಿಯೂ ಹೋಯಿತು. ಈಗ ಅಲ್ಲಿ ಕೋಟು, ಕಣ್ಣು, ಕೊಂಬು ಮಾತ್ರ ಉಳಿದಿವೆ.

ಹೀಗೆ ಗೊತ್ತಾಯಿತು, ಸಿಕ್ಕಿಬಿದ್ದದ್ದು ನಿನ್ನ ಮೋಟಾರು ಎಂದು. ಅದರ ಮೇಲೆ ಆಳೆತ್ತರ ಮರಳು ಕೂತಿದೆ. ಚೈನ್ ಪುಲ್ಲಿ ಹಾಕಿ ಸುಮ್ಮನೆ ಎಳೆದರೆ ಪೈಪು ತುಂಡಾಗಿ ಮೋಟಾರು ಒಳಗೇ ಉಳಿಯುತ್ತದೆ, ಬಾವಿಯೂ ಹೋದ ಹಾಗೇ. ಮೊದಲು ಮರಳು ಹೊರಗೆ ಬರಬೇಕು. ಅದಕ್ಕೆ ದೊಡ್ಡಮ್ಮನೇ ಆಗಬೇಕು.

ಇನ್ನು ನಾನು ಮಾಡಿದ ಘನಕಾರ್ಯ ಕೇಳು. ಮೋಟಾರಿನ ಪೈಪಿನ ಪಕ್ಕಕ್ಕೆ ನಮ್ಮ ಸಣ್ಣ ಪೈಪು ಇಳಿಸಿ ಹೋಸು ಸಿಕ್ಕಿಸಿದೆವು. ಅಷ್ಟರಲ್ಲಿ ಡ್ರಮ್ಮು ನಿಲ್ಲಿಸಿ ಹೆಂಗಸರೆಲ್ಲ ಹೊರಗೆ ಬಂದು ಸಾಲಾಗಿ ನಿಂತರು. "ಇಷ್ಟು ತೆಳ್ಳಗಿನ ಪೈಪಲ್ಲಿ ಮೋಟಾರು ಹೇಗೆ ಬರುತ್ತೆ?" ಎಂದು ಒಬ್ಬಳು. "ಅವರು ಊದ್ತಾರಂತೆ" ಎಂದು ಇನ್ನೊಬ್ಬಳು. ಕಿಸಕಿಸ ನಗು. ನನಗೋ ಒಳಗೆ ಕೊಂಬು ಮೂಡಿದ ತಮ್ಮನನ್ನು ನೋಡಿ ಬಂದ ಸಂಕಟ, ಎದುರಿಗೆ ಈ ಹಾಸ್ಯ. ಬಾವಿಯ ಬಾಯಿಗೆ ನೀರನ್ನು ಪಕ್ಕಕ್ಕೆ ತಿರುಗಿಸುವ ಬೆಂಡ್ ಪೈಪನ್ನು ಇನ್ನೂ ಬಿಗಿದಿರಲಿಲ್ಲ. "ಅಮ್ಮಾ, ನಿಧಾನ, ಮೊದಲು ಸ್ವಲ್ಪ..." ಎಂದು ಪೈಪಣ್ಣ ಬಾಯಿ ತೆರೆದ. ನಾನು ವಾಲ್ವನ್ನು ಪೂರ್ತಿ ತಿರುಗಿಸಿಬಿಟ್ಟೆ.

ಬಾವಿ ಒಂದು ಸಲ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಒಳಗಿದ್ದ ಕೆಸರೆಲ್ಲ ಒಂದೇ ಏಟಿಗೆ ತಗಡಿನ ಮಾಡಿನ ಮೇಲಕ್ಕೆ ಹೋಯಿತು. ಮೇಲೆ ಹೋದದ್ದು ಕೆಳಗೆ ಬರಬೇಕಲ್ಲ? ಬಂತು. ಅಂಗಳದ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಬೆಡ್‌ಶೀಟನ್ನೂ ಬಿಡದೆ ಬಂತು. ಒಡತಿಯ ಮುಖದ ಮೇಲೆ ಕೂಡ. ಅಷ್ಟಾದ ಮೇಲೆ ನೀರಾದರೂ ಬಂತೇ? ಬಾವಿಯ ಬಾಯಿಂದ ಬರೀ ಗಾಳಿ, ಸಿಳ್ಳೆ ಹೊಡೆಯುತ್ತ. ಹೊಸಬರು ಗಾಳಿ ಸಾಲದೆ ಹೆಣಗುತ್ತಾರೆ. ಗಾಳಿ ಹೆಚ್ಚು ಮಾಡಿ ಕೆಡಿಸಲು ನನ್ನ ಹಾಗೆ ಇದರಲ್ಲೇ ಕೂದಲು ಹಣ್ಣಾಗಿರಬೇಕು.

ಆಗ ಶುರುವಾಯಿತು ನೋಡು ಮಂಗಳಾರತಿ. ಒಡತಿ ನನ್ನನ್ನು ಬೈದಳು, ಪೈಪಣ್ಣನನ್ನು ಬೈದಳು, ಬೈಯಲು ಹತ್ತಿರ ಯಾರೂ ಉಳಿಯದೆ ಮೋಟಾರಿಗೆ ಬಂದಳು. "ಎಲ್ಲಾ ಆ ಮೋಟಾರು ಮಾರಿದವನಿಂದ ಆಗಿದ್ದು. ಕೈಗೆ ಸಿಗಲಿ, ಅವನನ್ನೇ ಈ ಬಾವಿಗೆ ಇಳಿಸ್ತೀನಿ. ಮೋಸಗಾರ! ಅವನು ಎಂಥವನು ಅಂತ ನಿಮಗೇನಾದ್ರೂ ಗೊತ್ತಾ?"

ಸುಮ್ಮನಿದ್ದರೆ ನಡೆಯುತ್ತಿತ್ತು. ಪೈಪಣ್ಣ ನೆಲ ನೋಡುತ್ತಿದ್ದ, ಅವನು ಬಾಯಿ ಬಿಡುತ್ತಿರಲಿಲ್ಲ.

"ಗೊತ್ತು" ಎಂದೆ. "ನನ್ನ ತಮ್ಮ. ಒಡಹುಟ್ಟಿದ ತಮ್ಮ."

ಒಡತಿ ಕೆನ್ನೆಯ ಕೆಸರನ್ನು ಸೆರಗಿನಿಂದ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಓಹೋ. ತಮ್ಮ ಬಾವಿ ಕೆಡಿಸಿದ, ಅಕ್ಕ ಬಟ್ಟೆ ಕೆಡಿಸಿದ್ಲು. ನಿಮ್ಮ ಮನೇಲಿ ಇನ್ನೂ ಯಾರಾದ್ರೂ ಇದ್ದಾರಾ?"

"ಅಮ್ಮ ಇದ್ದಾಳೆ. ಅವಳು ಬೈಯೋದು ಮಾತ್ರ."

ಹೆಂಗಸರಲ್ಲಿ ಯಾರೋ ಪಕ್ಕೆಂದು ನಕ್ಕರು. ಆಮೇಲೆ ತಡೆಯಲಾರದೆ ಒಡತಿಯೇ ನಕ್ಕಳು. ನಕ್ಕ ಮಾತ್ರಕ್ಕೆ ಬಿಟ್ಟಳೆಂದುಕೊಳ್ಳಬೇಡ. ಮೋಟಾರು ಹೊರಗೆ ಬರಬೇಕು, ಬೆಡ್‌ಶೀಟು ನಾವೇ ಒಗೆಯಬೇಕು, ಎರಡರಲ್ಲಿ ಒಂದು ತಪ್ಪಿದರೂ ನಮ್ಮಿಬ್ಬರ ಕೀರ್ತಿ ಊರೆಲ್ಲ ಹಬ್ಬಿಸುವುದಾಗಿ ಹೇಳಿದ್ದಾಳೆ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಗಾಳಿಗೂ ನೀರಿಗೂ ಜಗಳ ಹಚ್ಚಿದ ಮಕ್ಕಳನ್ನ ನಾನು ಬೇರೆ ಎಲ್ಲೂ ನೋಡಿಲ್ಲ" ಎಂದಳು. ಕಾಗದ ಬರಿ, ಅವನನ್ನು ಕರೆ ಎಂದವಳೂ ಅವಳೇ. ತೋಳು ಮೇಲೇಳುತ್ತಿಲ್ಲ, ಉಳಿದದ್ದನ್ನು ಕೆಲಸ ಮುಗಿದ ಮೇಲೆ ಬರೆಯುತ್ತೇನೆ.

ಶನಿವಾರ

ಬಂತು! ಮೋಟಾರು ಬಂತು ಕಣೋ!

ಇರು, ಮೊದಲಿನಿಂದ ಹೇಳುತ್ತೇನೆ. ನಿನ್ನೆ ಹೋದವಳು ಮೊದಲು ಬೆಂಡ್ ಪೈಪು ಬಿಗಿದೆ. ಬಟ್ಟೆಯೆಲ್ಲ ಒಳಗೆ ತೆಗೆಸಿದೆ. ಸಣ್ಣ ಪೈಪನ್ನು ಇನ್ನಷ್ಟು ಆಳಕ್ಕೆ ಇಳಿಸಿದೆ. ಒಡತಿಗೆ ಅದು ವಿಚಿತ್ರವಾಗಿ ಕಂಡಿತು. "ನೀರು ಮೇಲೆ ಬರಬೇಕು ಅಂತೀರಿ, ಪೈಪು ಕೆಳಗೆ ಇಳಿಸ್ತೀರಿ?" ಎಂದಳು. ಎಲ್ಲರೂ ಕೇಳುವ ಪ್ರಶ್ನೆ. ಗಣಿಯಲ್ಲಿದ್ದಾಗ ಅಪ್ಪನೂ ಇದನ್ನೇ ಕೇಳಿ ಮೇಸ್ತ್ರಿಯಿಂದ ಬೈಸಿಕೊಂಡಿದ್ದರಂತೆ. ಗಣಿಯ ಗುಂಡಿಗಳಲ್ಲಿ ನಿಂತ ನೀರು ಕಲ್ಲುಪುಡಿಯ ಗಂಜಿ. ಯಾವ ಪಂಪು ಇಳಿಸಿದರೂ ಅದರ ಹೊಟ್ಟೆ ಸವೆದುಹೋಗುತ್ತಿತ್ತು. ಗಾಳಿಗೆ ಹೊಟ್ಟೆಯೇ ಇಲ್ಲ, ಸವೆಯುವುದೇನು? ಅದಕ್ಕೇ ಅಲ್ಲಿ ಗಾಳಿಯಿಂದ ನೀರೆತ್ತುತ್ತಿದ್ದರು. ಗಣಿ ಮುಚ್ಚಿದಾಗ ಬೇರೆಯವರು ಪಾತ್ರೆ, ಗಡಿಯಾರ ತಂದರೆ ನಮ್ಮಪ್ಪ ಕಂಪ್ರೆಸರ್ ತಂದರು. ಅಮ್ಮ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಒಡತಿಗೆ ಹಾಲಿನ ಲೆಕ್ಕ ಹೇಳಿದೆ. ಅಪ್ಪ ನಮ್ಮಿಬ್ಬರನ್ನು ಒಲೆಯ ಮುಂದೆ ನಿಲ್ಲಿಸಿ ತೋರಿಸಿದ್ದರಲ್ಲ, ಅದೇ. ಗುಳ್ಳೆ ತುಂಬಿದ ಹಾಲು ಹಗುರಾಗಿ ಪಾತ್ರೆಯ ಅಂಚಿಗೆ ಏರುತ್ತದೆ. ಗಾಳಿ ಬೆರೆತ ನೀರೂ ಹಗುರ; ಸುತ್ತಲಿನ ಭಾರದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಗಾಳಿ ಬಿಡುವ ತುದಿ ನೀರಿನಲ್ಲಿ ಆಳಕ್ಕೆ ಹೋದಷ್ಟೂ ನೂಕುವ ಬಲ ಜಾಸ್ತಿ. ಗಾಳಿ ಅತಿಯಾದರೆ ಅದು ನೀರನ್ನು ಬಿಟ್ಟು ಒಂಟಿಯಾಗಿ ಓಡಿಬರುತ್ತದೆ, ನೀರು ಕೆಳಗೇ ಕೂರುತ್ತದೆ. "ಹಾಲಿನ ಮುಂದೆ ನಿಂತಿರೋರು ಆ ಕಡೆ ಈ ಕಡೆ ನೋಡಬಾರದು" ಎಂದಳು ಒಡತಿ. ಇಷ್ಟು ಚುರುಕಾಗಿ ಅರ್ಥ ಮಾಡಿಕೊಂಡವರನ್ನು ನಾನು ನೋಡಿಲ್ಲ.

ವಾಲ್ವನ್ನು ಕೂದಲೆಳೆಯಷ್ಟು ತೆರೆದೆ. ಕಾದೆ. ದೊಡ್ಡಮ್ಮ ಒಂದೇ ಸಮನೆ ಗೊಣಗುತ್ತಿದ್ದಳು. ಬೆಂಡ್ ಪೈಪಿನ ಮೇಲೆ ಅಂಗೈ ಇಟ್ಟು ನಿಂತೆ. ಮೊದಲು ಬಿಸಿಲಿಗೆ ಬಿಸಿಯಿದ್ದದ್ದು ಮೆಲ್ಲಗೆ ತಣ್ಣಗಾಗತೊಡಗಿತು. ಆಮೇಲೆ ಒಳಗೆ ಗುಳುಗುಳು. ಮೊದಲು ಒಂದು ಗುಟುಕು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹಾಗೇ ನೋಡುತ್ತಿದ್ದ ಹಾಗೆ ಕಾಫಿ ಬಣ್ಣದ ನೀರು ಮರಳು ಹೊತ್ತುಕೊಂಡು ಬುಳುಬುಳು ಬಂದೇಬಿಟ್ಟಿತು. ಎಷ್ಟು ಬಾವಿ ನೋಡಿದ್ದೇನೆ, ಆದರೂ ಆ ಮೊದಲ ಗುಟುಕು ಬಂದಾಗ ನನಗೆ ಕುಣಿಯೋಣ ಅನ್ನಿಸುತ್ತದೆ. ಪೈಪಣ್ಣ ನಿಜವಾಗಿಯೂ ಕುಣಿದ, ಜಾರಿ ಮರಳಿನಲ್ಲಿ ಕೂತ.

ನಿನ್ನೆಯೆಲ್ಲ ಮರಳು ಬಂತು. ಇವತ್ತು ಬೆಳಿಗ್ಗೆ ನೀರು ತಿಳಿಯಾಗುತ್ತ ಬಂದಾಗ ಗಾಳಿ ನಿಲ್ಲಿಸದೆಯೇ ಮೂರು ಕಾಲಿನ ಕಂಬಕ್ಕೆ ಚೈನ್ ಪುಲ್ಲಿ ಬಿಗಿದೆವು. ಸರಪಳಿ ಮೊದಲು ಬಿಗಿಯಾಯಿತು, ಕಂಬದ ಮೂರು ಕಾಲೂ ಕಿರ್ರೆಂದವು. ಪೈಪು ತುಂಡಾಗಿದ್ದರೆ ನಿನಗೆ ಈ ಕಾಗದ ಬರುತ್ತಲೇ ಇರಲಿಲ್ಲ. ಸೋತ ಬಾವಿಯ ಪಕ್ಕ ನಿಂತು ನಿನ್ನನ್ನು ಕರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇದ್ದಕ್ಕಿದ್ದ ಹಾಗೆ ಸರಪಳಿ ಸಡಿಲಾಯಿತು, ಪೈಪು ಮೊಣಕೈಯಷ್ಟು ಮೇಲೆ ಬಂತು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಅಲ್ಲಿಂದ ಮುಂದೆ ಒಂದೊಂದೇ ಪೈಪು ಕಳಚಿ ಮೇಲೆ ತಂದೆವು, ಕೊನೆಗೆ ಮೈತುಂಬ ಮರಳು ಬಳಿದುಕೊಂಡು ನಿನ್ನ ಮೋಟಾರು ಬಂತು. ತೊಳೆದು ನೋಡಿದೆ. ಬಿರುಕಿಲ್ಲ, ಸುಟ್ಟ ವಾಸನೆಯಿಲ್ಲ, ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಒಳ್ಳೆಯ ಮಾಲು. ನೀನು ಮೋಸಗಾರನಲ್ಲ ಎಂದು ನನಗೆ ಗೊತ್ತಿತ್ತು, ಈಗ ಲಾಂಡ್ರಿಗೂ ಗೊತ್ತಾಯಿತು.

ಕಳಚಿದ ಪೈಪುಗಳ ರಾಶಿ ನೋಡಿ "ಇದನ್ನು ಇಷ್ಟು ಕೆಳಗೆ ಇಳಿಸಿದವರು ಯಾರು? ಮರಳಿನ ಹೊಟ್ಟೆಯೊಳಗೇ ಕೂರಿಸಿದ್ದಾರಲ್ಲ" ಎಂದೆ. ಒಡತಿ ಸ್ವಲ್ಪ ಹೊತ್ತು ಸೆರಗಿನ ಚುಂಗು ತಿರುಚಿದಳು. ಆಮೇಲೆ ಹೇಳಿದಳು: "ನಿಮ್ಮ ತಮ್ಮ ಮೇಲೇ ನಿಲ್ಲಿಸಿದ್ರು. ಮೊದಲು ಬಾವಿಗೆ ಗಾಳಿ ಹಾಕಿಸಿ ತೊಳೆಸಿ, ಆಮೇಲೆ ಮೋಟಾರು ಅಂತಲೂ ಹೇಳಿದ್ರು. ನಾವು ಕೇಳಲಿಲ್ಲ. ಬೇಸಿಗೇಲಿ ನೀರು ಕಮ್ಮಿ ಆಯ್ತು ಅಂತ ನಾವೇ ಕೆಳಗೆ ಇಳಿಸಿದ್ವಿ." ನಿನ್ನ ನಂಬರಿನ ಕೆಳಗೆ ನನ್ನ ನಂಬರು ಬರೆದುಕೊಟ್ಟವನೂ ನೀನೇ ಅಂತೆ. "ಕಂಪ್ರೆಸರ್‌ನವರು ಒಬ್ಬರಿದ್ದಾರೆ, ಅವರು ಕೈಯಿಟ್ಟ ಬಾವಿ ಕೆಟ್ಟದ್ದಿಲ್ಲ" ಎಂದೆಯಂತೆ. ಹೊಗಳಿಕೆಗೆ ಉಬ್ಬುವ ವಯಸ್ಸಲ್ಲ ನನ್ನದು, ಆದರೂ ಉಬ್ಬಿದೆ. ಟೀ ಕೂಡ ಬಂತು, ಎರಡೆರಡು ಲೋಟ.

ನೀನು ಅಷ್ಟು ಹೇಳಿದ ಮೇಲೆ ನಾನೂ ಒಂದು ಮಾತು ಒಪ್ಪಬೇಕು. ದಿನಾ ನೀರೆತ್ತಲು ದೊಡ್ಡಮ್ಮ ಲಾಯಕ್ಕಲ್ಲ. ಒಂದು ಕೊಡ ನೀರಿಗೆ ಅವಳು ಕುಡಿಯುವ ಡೀಸೆಲ್ಲಿನ ದುಡ್ಡಿನಲ್ಲಿ ನಿನ್ನ ಮೋಟಾರು ಒಂದು ತೊಟ್ಟಿ ತುಂಬಿಸುತ್ತದೆ. ಆದರೆ ಬಾವಿಯ ಹೊಟ್ಟೆ ತೊಳೆಯಲು ಅವಳೇ ಬೇಕು. ಇಷ್ಟು ಸಣ್ಣ ವಿಷಯಕ್ಕೆ ನಾವಿಬ್ಬರು ಹಾವು ಮುಂಗುಸಿ ಆಗಿ ಕೂತದ್ದು. ನೀನು ಅವಳನ್ನು ಗುಜರಿಗೆ ಹಾಕು ಎಂದೆ, ನಾನು ನಿನ್ನ ಮೋಟಾರನ್ನು ಆಟಿಕೆ ಎಂದೆ, ಊರಿನವರು ನಿಂತು ನೋಡಿದರು.

ಬೆಡ್‌ಶೀಟು? ಒಗೆದೆವು. ಬಾವಿಯಿಂದ ಬಂದ ತಿಳಿನೀರಿನಲ್ಲೇ, ನಾನೂ ಪೈಪಣ್ಣನೂ, ರಬ್ಬರ್ ಹಾಳೆ ಕಟ್ಟಿಕೊಂಡು. ಪೈಪಣ್ಣ ಹಿಂಡಿದ್ದನ್ನು ಆ ಹೆಂಗಸರು ಮತ್ತೆ ಹಿಂಡಿದರು. ಅವನಿಗೆ ಬೇಜಾರಾಗಿಲ್ಲ, ಅವನಿಗೆ ಮಾತಾಡಲು ಇಡೀ ಅಂಗಳ ಸಿಕ್ಕಿತ್ತು.

ಇನ್ನು ಉಳಿದದ್ದು ಮೋಟಾರನ್ನು ಮತ್ತೆ ಇಳಿಸುವುದು. ಬುಧವಾರ ಬೆಳಿಗ್ಗೆ ಎಂದು ಹೇಳಿ ಬಂದಿದ್ದೇನೆ. ಇಳಿಸುವವನು ನೀನೇ ಎಂದೂ ಹೇಳಿದ್ದೇನೆ, ನಿನ್ನನ್ನು ಕೇಳದೆ. ಎಲ್ಲಿ ನಿಲ್ಲಿಸಬೇಕೆಂದು ನನಗೂ ಗೊತ್ತು, ಪೈಪಣ್ಣನಿಗೂ ಗೊತ್ತು, ನೀನಿಲ್ಲದೆ ನಡೆಯುವುದಿಲ್ಲವೆಂದಲ್ಲ. ನೀನು ಬರಬೇಕೆಂದು ಆಸೆ, ಅಷ್ಟೇ. ಕೋಟು ಹಾಕಿಕೊಂಡು ಬರಬೇಡ. ನಿನ್ನ ಮಗಳಿಗೆ ಶಾಲೆಗೆ ರಜವಿದ್ದರೆ ಕರೆದುಕೊಂಡು ಬಾ. ಈ ಅತ್ತೆಯ ಮುಖ ಮರೆತಿರುತ್ತಾಳೆ, ದೊಡ್ಡಮ್ಮನ ಕೂಗು ಮರೆತಿರಲಾರಳು.

ಈ ಕಾಗದವನ್ನು ಪೈಪಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಇದನ್ನು ಕೊಡುವ ಮೊದಲೇ ಎಲ್ಲವನ್ನೂ ತನ್ನ ರೀತಿಯಲ್ಲಿ ಹೇಳಿ ಮುಗಿಸಿರುತ್ತಾನೆ. ಅವನ ಕಥೆಯಲ್ಲಿ ವಾಲ್ವು ತಿರುಗಿಸಿದ್ದು ದೆವ್ವ ಹೊಕ್ಕವಳ ಹಾಗೆ ಎಂದು ಬರುತ್ತದೆ. ಅರ್ಧ ಮಾತ್ರ ನಂಬು.

ನೀನು, ನಿನ್ನ ಹೆಂಡತಿ, ಮಗು ನೂರು ಕಾಲ ತಣ್ಣಗಿರಿ. ನೀನು ಇಳಿಸಿದ ಮೋಟಾರೆಲ್ಲ ತಿಳಿನೀರು ಕೊಡಲಿ. ಅಮ್ಮ ಪಕ್ಕದಲ್ಲೇ ಕೂತು "ನನ್ನದೂ ಬರಿ, ನನ್ನದೂ ಬರಿ" ಎನ್ನುತ್ತಿದ್ದಾಳೆ. ಅವಳ ಆಶೀರ್ವಾದವೂ ಇದರಲ್ಲಿದೆ, ಜೊತೆಗೆ ಬೈಗುಳವೂ ಇತ್ತು. ಅದನ್ನು ನಾನು ಬರೆದಿಲ್ಲ.

ಇಂತಿ ನಿನ್ನ
ಅಕ್ಕ

ತಾ.ಕ. ಅಮ್ಮ ಎದ್ದು ಒಳಗೆ ಹೋದಳು, ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ನಾವು ಮಾತು ಬಿಟ್ಟದ್ದು ಗುಜರಿಯ ಮಾತಿಗೆ ಎಂದು ಅಮ್ಮ, ಊರು, ನೀನು, ಎಲ್ಲರೂ ನಂಬಿದ್ದೀರಿ. ಅದಕ್ಕಲ್ಲ. ನಿನ್ನ ಅಂಗಡಿ ತೆರೆದ ದಿನ ನಾನು ಕೆಲಸದಿಂದ ನೆಟ್ಟಗೆ ಅಲ್ಲಿಗೇ ಬಂದಿದ್ದೆ, ಮೈಯೆಲ್ಲ ಗ್ರೀಸು, ಮನೆಗೆ ಹೋಗಿ ಸೀರೆ ಬದಲಾಯಿಸುವಷ್ಟು ತಾಳ್ಮೆ ಇರಲಿಲ್ಲ, ಅಷ್ಟು ಖುಷಿ. ನಿನ್ನ ಪಕ್ಕ ನಿಂತಿದ್ದ ಬಿಳಿ ಅಂಗಿಯವರು ನನ್ನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದರು. ನೀನು "ಅವರು ನಮ್ಮ ಕಂಪ್ರೆಸರ್ ಕೆಲಸದವರು" ಎಂದೆ. ನನಗೆ ಕೇಳಿಸಲಿಲ್ಲ ಎಂದು ನೀನು ಅಂದುಕೊಂಡೆ. ನೀವು ಕೊಟ್ಟ ಟೀ ಕುಡಿದು ನಾನು ಮನೆಗೆ ಬಂದೆ. ಮಾರನೆಯ ದಿನ ಗುಜರಿಯ ಮಾತು ಬಂದಾಗ ಅಷ್ಟೊಂದು ಕೂಗಾಡಿದ್ದು ಇದನ್ನು ಹೇಳಲಾಗದೆ. ಲಾಂಡ್ರಿಯಲ್ಲೂ ನೀನು ನನ್ನನ್ನು ಹೊಗಳಿದ್ದೀಯ, ಅಕ್ಕ ಎಂದು ಮಾತ್ರ ಹೇಳಿಲ್ಲ. ನಾನು ಹೇಳುವ ತನಕ ಅವರಿಗೆ ಗೊತ್ತೇ ಇರಲಿಲ್ಲ. ಬುಧವಾರ ನೀನು ಬಂದಾಗ ಒಡತಿ ಎಲ್ಲರ ಮುಂದೆ "ಇವರು ನಿಮಗೆ ಏನಾಗಬೇಕು?" ಎಂದು ಕೇಳುತ್ತಾಳೆ. ಅವಳಿಗೆ ಗೊತ್ತು. ಆದರೂ ಕೇಳು ಎಂದು ನಾನೇ ಹೇಳಿ ಬಂದಿದ್ದೇನೆ. ಆ ಹೊತ್ತಿಗೆ ದೊಡ್ಡಮ್ಮನನ್ನು ನಿಲ್ಲಿಸಿರುತ್ತೇನೆ. ನನಗೆ ಕೇಳಿಸುವ ಹಾಗೆ ಹೇಳು.